ಆಕಳಿಕೆಯ ಪರ, ಆಕಳಿಕೆಯ ವಿರುದ್ಧ

ನಮ್ಮ ಮನೆಗೆ ಯಾರೇ ಬರಲಿ, ಅವರ ಕೈಗೆ ಕಾಫಿ ಲೋಟ ತಲುಪುವ ಮೊದಲೇ ನನ್ನ ಅಜ್ಜಿ ಕೆಂಪಮ್ಮ ನನ್ನ ಕಾಯಿಲೆಯ ಕಥೆ ಮುಗಿಸಿರುತ್ತಾಳೆ. "ನಮ್ ರಂಜಿಗೆ ಕಣ್ಣಾಗಿತ್ತು ಕಣವ್ವ. ಎದೆ ಹೊಡ್ಕೊಳ್ಳೋದು, ಕೈ ನಡುಗೋದು. ಆಸ್ಪತ್ರೆಯೋರ್ಗೇ ಗೊತ್ತಾಗ್ನಿಲ್ಲ. ನಾನ್ ತೆಗೆದೆ. ಹೋಯ್ತು."

ನನಗೆ ಈ ಕಥೆಯ ಮೇಲೆ ಆಕ್ಷೇಪಣೆಗಳಿವೆ. ಆದರೆ ಅಜ್ಜಿಯೊಬ್ಬಳ ಮೇಲೇ ಹರಿಹಾಯುವುದು ಅನ್ಯಾಯ. ಅಪ್ಪನ ಪ್ರಕಾರ ಅದು ಗ್ಯಾಸು, ಹೊತ್ತಿಗೆ ಸರಿಯಾಗಿ ಮುದ್ದೆ ತಿಂದಿದ್ದಕ್ಕೆ ಹೋಯಿತು. ನನ್ನ ಗೆಳತಿಯರ ಪ್ರಕಾರ ನಾನು 'ಹೋರಾಡಿ ಗೆದ್ದೆ'. ಈ ಮೂರನೆಯ ಕಥೆಯೇ ನನಗೆ ಹೆಚ್ಚು ಸಿಟ್ಟು ಬರಿಸುವುದು. ಯಾರ ಜೊತೆ ಹೋರಾಡಿದೆ? ಯಾವಾಗ? ಓದುವ ಕಾಲದಲ್ಲೆಲ್ಲ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಬೆಳೆದವಳು ನಾನು. ಹೋರಾಟ ಎಂದರೆ ಏನೆಂದು ನನಗೆ ಗೊತ್ತಿದೆ. ಆ ತಿಂಗಳುಗಳಲ್ಲಿ ನಾನು ಮಾಡಿದ್ದು ಹೋರಾಟವಲ್ಲ. ಮಾತ್ರೆ ನುಂಗಿದೆ, ಆಕಳಿಸಿದೆ. ಮತ್ತೆ ಮಾತ್ರೆ ನುಂಗಿದೆ, ಮತ್ತೆ ಆಕಳಿಸಿದೆ. ಇಂಥ ವೀರಗಾಥೆಯನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಶುರುವಾದದ್ದು ತರಗತಿಯಲ್ಲಿ. ಬಸವೇಶ್ವರನಗರದ ಒಂದು ಪಿಯು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಅಂದು ಮೂಲಭೂತ ಹಕ್ಕುಗಳ ಪಾಠ. ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಕೊನೆಯದೊಂದು ಇದೆಯೆಂದು ಕಾಲಿಟ್ಟು ಅದು ಇಲ್ಲದಿದ್ದಾಗ ಆಗುತ್ತದಲ್ಲ, ಎದೆಯೊಳಗೆ ಹಾಗಾಯಿತು. ಆಮೇಲೆ ಎದೆ ಓಡತೊಡಗಿತು. ನಾನು ನಿಂತೇ ಇದ್ದೆ, ಅದು ಮಾತ್ರ ಓಡುತ್ತಿತ್ತು. ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಮೆತ್ತಗಾಯಿತು. ಸಾಯುತ್ತಿದ್ದೇನೆ, ಅದೂ 'ಸ್ವಾತಂತ್ರ್ಯದ ಹಕ್ಕು' ಎಂಬುದರ ಒತ್ತಕ್ಷರ ಪೂರ್ತಿ ಮಾಡದೆ ಸಾಯುತ್ತಿದ್ದೇನೆ ಎಂದುಕೊಂಡು ಕುರ್ಚಿಯ ಮೇಲೆ ಕುಳಿತೆ.

ಹುಡುಗರು ಗಲಾಟೆ ನಿಲ್ಲಿಸಿದರು. ಅವರು ಗಲಾಟೆ ನಿಲ್ಲಿಸಿದ್ದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಉಲ್ಲಾಳ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಮನೆ ನಮ್ಮದು. ರಾಗಿ ಹೊಲಗಳು ಲೇಔಟಾದವು, ನಾವು ಬಾಡಿಗೆ ವಸೂಲಿ ಮಾಡುವ ಜನವಾದೆವು. ಆಸ್ಪತ್ರೆಗೆ ಹೋಗುವ ಪದ್ಧತಿ ಮಾತ್ರ ಎತ್ತಿನಗಾಡಿ ಕಾಲದ್ದೇ ಉಳಿದಿದೆ: ಒಬ್ಬರಿಗೆ ಹುಷಾರಿಲ್ಲದಿದ್ದರೆ ಗಾಡಿ ತುಂಬುವಷ್ಟು ಜನ ಹೊರಡುವುದು. ನನ್ನ ಇಸಿಜಿಗೆ ಅಪ್ಪ, ಅಮ್ಮ, ಅಜ್ಜಿ, ಕುರುಬರಹಳ್ಳಿಯಿಂದ ಅಪ್ಪನ ಅಕ್ಕ ಸುಶೀಲತ್ತೆ, ಅವರ ಜೊತೆ ಒಂದು ಡಬ್ಬಿ ಚಿತ್ರಾನ್ನ, ಇಷ್ಟೂ ಬಂದವು. ಹೃದಯದ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅಜ್ಜಿ ಎದುರು ಕುಳಿತವರನ್ನೆಲ್ಲ ವಿಚಾರಿಸಿಕೊಂಡಳು. "ನಿಮ್ದ್ ಯಾವ ಊರು? ಎಲ್ ನೋವು? ಎಡಗಡೆನಾ?" ಎಡಗಡೆ ಎಂದವರಿಗೆಲ್ಲ ಚಿತ್ರಾನ್ನ ಹಂಚಿದಳು.

ಡಾಕ್ಟರು ಹಾಳೆ ನೋಡಿ "ನಾರ್ಮಲ್" ಎಂದರು.

ಅಪ್ಪ ಒಪ್ಪಲಿಲ್ಲ. "ಸಾರ್, ಮಿಷಿನ್ ಸರಿಯಾಗೈತಾ ಒಂದ್ಸಲ ನೋಡ್ಬಿಡಿ."

ನಾನೂ ಒಪ್ಪಲಿಲ್ಲ. "ನಾರ್ಮಲ್ ಅಂದ್ರೆ ಈಗ ನಾರ್ಮಲ್. ಅವತ್ತು ಆಗಿದ್ದಕ್ಕೆ ಇದು ಹೇಗೆ ಸಾಕ್ಷಿ ಆಗುತ್ತೆ?"

ಡಾಕ್ಟರು ನಕ್ಕು, ಎದೆಗೆ ಅಂಟಿಸಿಕೊಂಡು ಇಡೀ ದಿನ ಓಡಾಡುವ ಒಂದು ಯಂತ್ರವನ್ನು ಬರೆದುಕೊಟ್ಟರು. ಅದೂ ನಾರ್ಮಲ್. ಎಕೋ, ಅದೂ ನಾರ್ಮಲ್. ಥೈರಾಯ್ಡ್, ನಾರ್ಮಲ್. ಪರೀಕ್ಷೆಗಳಲ್ಲಿ ಪಾಸಾಗುತ್ತ ಹೋದ ಹಾಗೆ ನನ್ನ ಭಯ ಹೆಚ್ಚುತ್ತ ಹೋಯಿತು. ಏನೂ ಇಲ್ಲವೆಂದರೆ, ಇವರಿಗೆ ಸಿಗದಂಥದ್ದು ಏನೋ ಇದೆ ಎಂದೇ ಅರ್ಥ. ಎಂಥ ಕೊಳಕು ತರ್ಕ ಎಂದು ನನಗೆ ಆಗಲೂ ಗೊತ್ತಿತ್ತು. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ವಾದಿಸಿದ್ದರೆ ಕೂರಿಸಿಬಿಡುತ್ತಿದ್ದೆ. ತರ್ಕ ತಪ್ಪೆಂದು ಗೊತ್ತಾದ ಮಾತ್ರಕ್ಕೆ ಎದೆ ಸುಮ್ಮನಾಗುವುದಿಲ್ಲ ಎಂಬುದು ಆ ಕಾಯಿಲೆ ನನಗೆ ಕಲಿಸಿದ ಮೊದಲ ಪಾಠ.

ಮಣಿಕಟ್ಟಿನಲ್ಲಿ ಎದೆಬಡಿತ ತೋರಿಸುವ ವಾಚು ಬೇರೆ ಇತ್ತು. ಅದನ್ನು ನೋಡಿದರೆ ಬಡಿತ ಏರುತ್ತಿತ್ತು, ಏರಿದ್ದನ್ನು ನೋಡಿದರೆ ಇನ್ನೂ ಏರುತ್ತಿತ್ತು. ನಮ್ಮ ಕಾಲೇಜಿನಲ್ಲೇ ಗಣಿತ ಹೇಳಿಕೊಡುವ ಬಾಗಲಕೋಟೆಯ ಶಿವಲೀಲಾ ಸ್ಟಾಫ್ ರೂಮಿನಲ್ಲಿ ಒಂದು ದಿನ ಅದನ್ನು ಬಿಚ್ಚಿಸಿದಳು. "ಏನ್ರೀ ರಂಜಿತಾ, ಒಗೀರಿ ಅದನ್ನ ಅತ್ಲಾಗ. ನೀವು ನೋಡ್ಲಿಲ್ಲಂದ್ರೂ ಎದಿ ಬಡಿತೈತಿ. ಅದಕ್ಕ ಸೂಪರ್ವೈಸರ್ ಬೇಕಾಗಿಲ್ಲ." ವಾಚನ್ನು ಅಮ್ಮನಿಗೆ ಕೊಟ್ಟೆ. ಸಂಜೆ ಧಾರಾವಾಹಿ ನೋಡುವಾಗ ಅಮ್ಮನ ಬಡಿತ ನನ್ನದಕ್ಕಿಂತ ಮೇಲೆ ಹೋಗುತ್ತದೆ ಎಂಬುದು ಮನೆಯವರಿಗೆಲ್ಲ ಆಗ ತಿಳಿಯಿತು.

ಕೊನೆಗೆ ಹೃದಯದ ಡಾಕ್ಟರೇ ಮೆತ್ತಗೆ, ಮನೋವೈದ್ಯರನ್ನೊಮ್ಮೆ ನೋಡಿ ಎಂದರು. ಕಾರು ಮನೆ ಗೇಟಿನ ಹತ್ತಿರ ಬಂದಾಗ ಅಪ್ಪ, "ನಮ್ ಮನೇಲಿ ಅಂಥದ್ದೆಲ್ಲ ಯಾರ್ಗೂ ಇಲ್ಲ" ಎಂದರು. ಅದು ವಾದವಲ್ಲ, ಬೇಡಿಕೆ. ಅವರ ಕೈ ಸ್ಟೀರಿಂಗ್ ಮೇಲೆ ಹಾಗೇ ಇತ್ತು, ಕಾರು ನಿಂತಿದ್ದರೂ.

ನನಗೆ ಬೇಕಾಗಿದ್ದದ್ದು ಒಂದೇ. ಅಷ್ಟರಲ್ಲಿ ನಾನು ರಜೆ ಹಾಕಿದ್ದೆ. ದಸರಾ ರಜೆ ಮುಗಿದು ಕಾಲೇಜು ತೆರೆಯುವ ದಿನ ಅದೇ ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕು. ಅದಾಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಜನರ ಮುಂದೆ ನಿಂತು ಮಾತಾಡುವುದನ್ನು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಅಡುಗೆಯಂತೂ ಬರುವುದಿಲ್ಲ, ಅಮ್ಮನನ್ನು ಕೇಳಿ.

ಅಮ್ಮನೇ ಕರೆದುಕೊಂಡು ಹೋದಳು, ಅಪ್ಪನಿಗೆ ಹೇಳಿ, ಅಜ್ಜಿಗೆ ಹೇಳದೆ. ಅಜ್ಜಿಗೆ ಗೊತ್ತಾದರೆ ಉಲ್ಲಾಳಕ್ಕೆಲ್ಲ ಗೊತ್ತಾಗುತ್ತದೆ ಎಂಬುದು ಅಮ್ಮನ ವಾದ. ಅದನ್ನು ಖಂಡಿಸಲು ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ. ಕ್ಲಿನಿಕ್ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ಸ್ವಲ್ಪ ಒಳಗೆ, ಮೊದಲನೇ ಮಹಡಿಯಲ್ಲಿತ್ತು. ಅದೇ ಮಹಡಿಯಲ್ಲಿ ಪಕ್ಕದ ಬಾಗಿಲು ಹಲ್ಲಿನ ಡಾಕ್ಟರದು. ಎರಡಕ್ಕೂ ಸೇರಿ ಒಂದೇ ಸಾಲು ಕುರ್ಚಿ. ಅಮ್ಮ ಕುಳಿತವಳೇ ಎಡಗೈಯನ್ನು ಕೆನ್ನೆಗೆ ಒತ್ತಿ ಹಿಡಿದಳು.

"ಏನಮ್ಮ ಇದು?"

"ಸುಮ್ನಿರೇ. ಯಾರಾದ್ರೂ ನೋಡಿದ್ರೆ ಹಲ್ನೋವು ಅನ್ಕೊತಾರೆ."

"ಅಮ್ಮ, ಪೇಷೆಂಟ್ ನಾನು."

"ಹಂಗಾದ್ರೆ ನೀನೂ ಹಿಡ್ಕೊ."

ಅಷ್ಟರಲ್ಲಿ ಮನೋವೈದ್ಯರ ಬಾಗಿಲು ತೆರೆಯಿತು. ಹೊರಬಂದವರು ನಮ್ಮದೇ ಬೀದಿಯ ದಿನಸಿ ಅಂಗಡಿಯ ಆಂಟಿ. ಅಮ್ಮನನ್ನು ನೋಡಿದ್ದೇ ಅವರ ಕೈಯೂ ತಾನಾಗಿ ಕೆನ್ನೆಗೆ ಹೋಯಿತು.

"ಹಲ್ಲಾ?" ಎಂದರು ಅವರು.

"ಹ್ಞೂಂ, ಹಲ್ಲು. ನಿಮ್ದು?" ಎಂದಳು ಅಮ್ಮ.

"ನಮ್ದೂ ಹಲ್ಲೇ."

ಇಬ್ಬರೂ ಕೆನ್ನೆ ಹಿಡಿದುಕೊಂಡು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಆಂಟಿ ಹೋಗುವ ಮುಂಚೆ ಅಮ್ಮನ ಭುಜದ ಮೇಲೆ ಕೈಯಿಟ್ಟು, "ಒಳ್ಳೆ ಡಾಕ್ಟ್ರು. ನೋವೇ ಗೊತ್ತಾಗಲ್ಲ" ಎಂದರು. ಕಾಯುವ ಕೋಣೆಗಳಲ್ಲಿ ನನಗೆ ಸಿಕ್ಕ ಕರುಣೆಗಳಲ್ಲಿ ಇದು ಮೊದಲನೆಯದು. ಇವತ್ತಿಗೂ ಆ ಅಂಗಡಿಗೆ ಹೋದರೆ ಆಂಟಿ "ಹಲ್ಲು ಹೆಂಗಿದೆ?" ಎಂದು ಕೇಳುತ್ತಾರೆ. "ಗಟ್ಟಿಯಾಗ್ತಿದೆ ಆಂಟಿ" ಎನ್ನುತ್ತೇನೆ.

ಡಾಕ್ಟರು ಅಮ್ಮನ ವಯಸ್ಸಿನ ಹೆಂಗಸು. ಹತ್ತಿಯ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ತಯಾರಾಗಿ ಹೋಗಿದ್ದೆ. ಇದು ಮನಸ್ಸಿನದ್ದೇ ಎಂಬುದಕ್ಕೆ ಏನು ಆಧಾರ? ಮಾತ್ರೆಯಿಂದ ನನ್ನ ಬುದ್ಧಿ ಮಂಕಾದರೆ? ಸರಿಹೋದರೆ ಅದು ಮಾತ್ರೆಯಿಂದಲೋ ಕಾಲದಿಂದಲೋ ಎಂದು ಹೇಗೆ ಗೊತ್ತಾಗುತ್ತದೆ? ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ, "ಈಗ ಎದೆ ಹೊಡ್ಕೊತಿದ್ಯಾ?" ಎಂದರು.

ಗಮನಿಸಿದೆ. ಇಲ್ಲ. ಜಗಳವಾಡುವ ಹುರುಪಿನಲ್ಲಿ ಎದೆಯನ್ನೇ ಮರೆತಿದ್ದೆ.

"ಹಾಗಂತ ದಿನಾ ಬೆಳಿಗ್ಗೆ ಬಂದು ನನ್ನತ್ರ ಜಗಳ ಆಡ್ಕೊಂಡ್ ಹೋಗಿ ಅಂತ ಬರ್ಕೊಡಕ್ಕಾಗಲ್ಲಮ್ಮ. ಮಾತ್ರೆ ಬರ್ಕೊಡ್ತೀನಿ. ಜೊತೆಗೆ ಕೌನ್ಸೆಲಿಂಗ್. ಮೊದಲನೇ ಎರಡು ಮೂರು ವಾರ ನನ್ನನ್ನ ಬೈಕೋತೀಯ. ಹೊಟ್ಟೆ ತೊಳಸುತ್ತೆ, ಬಾಯಿ ಒಣಗುತ್ತೆ, ಕೈ ನಡುಗುತ್ತೆ. ಭಯ ಒಂಚೂರು ಜಾಸ್ತಿನೂ ಆಗ್ಬೋದು. ಬೈಕೋ, ಫೋನ್ ಮಾಡು. ನೀನಾಗ್ ನೀನೇ ನಿಲ್ಲಿಸ್ಬೇಡ."

ಮನೆಗೆ ಬಂದು ಅಮ್ಮ ಅಜ್ಜಿಗೆ, "ವಿಟಮಿನ್ ಕೊಟ್ಟವ್ರೆ ಅತ್ತೆ, ರಕ್ತ ಕಮ್ಮಿಯಂತೆ" ಎಂದಳು.

ಡಾಕ್ಟರು ಹೇಳಿದ್ದೆಲ್ಲ ಒಂದೊಂದಾಗಿ ಬಂತು. ಇಡ್ಲಿಯ ವಾಸನೆಗೇ ಹೊಟ್ಟೆ ಮಗುಚುತ್ತಿತ್ತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ಮಾತೇ ಕಸುಬಾದವಳಿಗೆ ಇದಕ್ಕಿಂತ ಅವಮಾನ ಬೇಕೆ? ಲೋಟ ಹಿಡಿದರೆ ಕಾಫಿಯಲ್ಲಿ ಅಲೆ ಏಳುತ್ತಿತ್ತು. ಕನಸುಗಳೋ, ಸಿನಿಮಾದಷ್ಟು ಬಣ್ಣ. ಒಂದರಲ್ಲಿ ನಾನು ಬಿಎಂಟಿಸಿ ಬಸ್ಸಿನ ಕಂಡಕ್ಟರ್ ಆಗಿ ನನ್ನದೇ ಹೃದಯಕ್ಕೆ ಟಿಕೆಟ್ ಹರಿದುಕೊಟ್ಟು, "ಚಿಲ್ರೆ ಕೊಡು" ಎಂದು ಗದರಿಸಿದ್ದೆ. ಮತ್ತು ಭಯ, ಹೌದು, ಅದೂ ಮೊದಲ ಕೆಲವು ದಿನ ಹೆಚ್ಚಾಯಿತು. ಬಚ್ಚಲಿನ ಬಾಗಿಲು ಹಾಕಿಕೊಳ್ಳಲೂ ಹೆದರಿ, ಅಮ್ಮ ಹೊರಗೆ ನಿಂತು "ಇದೀನಿ, ಇದೀನಿ" ಎನ್ನುತ್ತಿರಬೇಕಾಗಿತ್ತು. ಅದನ್ನು ನಗಿಸುವ ಹಾಗೆ ಬರೆಯಲು ನನಗೆ ಬರುವುದಿಲ್ಲ.

ಡಾಕ್ಟರು ಹೇಳದೇ ಇದ್ದದ್ದು ಆಕಳಿಕೆ.

ಇದು ನಿದ್ದೆಯ ಆಕಳಿಕೆಯಲ್ಲ. ನಿದ್ದೆಗೂ ಇದಕ್ಕೂ ಸಂಬಂಧವಿಲ್ಲ. ಪೂರ್ತಿ ಎಚ್ಚರವಾಗಿರುವಾಗಲೇ ದವಡೆ ತಾನಾಗಿ ಬಿಚ್ಚಿಕೊಂಡು, ಕಿವಿಯಲ್ಲಿ ಟಕ್ ಎಂದು, ಕಣ್ಣಲ್ಲಿ ನೀರು ತುಂಬಿ, ಒಂದು ಮುಗಿಯುವ ಮೊದಲೇ ಇನ್ನೊಂದು. ಅಪ್ಪ ಬಾಡಿಗೆದಾರರ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದಾಗ ಅವರ ಮುಖಕ್ಕೇ ಆಕಳಿಸಿದೆ. ಕಾಲೇಜಿನ ಪ್ರಾಂಶುಪಾಲರು ಫೋನ್ ಮಾಡಿ ಆರೋಗ್ಯ ವಿಚಾರಿಸಿದಾಗ ಉತ್ತರವಾಗಿ ಅವರಿಗೆ ಕೇಳಿಸಿದ್ದು ಒಂದು ದೀರ್ಘ "ಆಆಅ". "ಪಾಪ, ಮಲಕ್ಕೋಮ್ಮ" ಎಂದು ಅವರು ಇಟ್ಟುಬಿಟ್ಟರು.

ಇಷ್ಟೆಲ್ಲ ಆಗಿ ಸಾಕುಸಾಕಾಗಿ, ಮಾತ್ರೆ ನಿಲ್ಲಿಸಿಬಿಡುವುದು ಎಂದು ತೀರ್ಮಾನಿಸಿದೆ. ನನ್ನ ಲೆಕ್ಕದಲ್ಲಿ ಲಾಭ ಸೊನ್ನೆ, ನಷ್ಟ ಕಣ್ಣಿಗೆ ಕಾಣುವಷ್ಟು. ಅವತ್ತೇ ಸಂಜೆ ಅಜ್ಜಿ ಅಖಾಡಕ್ಕಿಳಿದಳು.

ದೀಪ ಹಚ್ಚುವ ಹೊತ್ತು. ಅಜ್ಜಿ ನನ್ನನ್ನು ಪಡಸಾಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದಳು. ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆಯ ಕಡ್ಡಿ, ಮೂರು ದಾರಿ ಕೂಡುವಲ್ಲಿನ ಮಣ್ಣು. ಉಲ್ಲಾಳದಲ್ಲಿ ಈಗ ದಾರಿಗಳೆಲ್ಲ ಡಾಂಬರು, ಮಣ್ಣೆಲ್ಲಿದೆ? ಪೈಪಿನವರು ಅಗೆದು ಬಿಟ್ಟುಹೋದ ಗುಂಡಿಯಿಂದ ತಂದಿದ್ದಳು.

"ಅಜ್ಜಿ, ಇದಕ್ಕೆ ಒಂದಾದ್ರೂ ಪುರಾವೆ..."

"ಬಾಯ್ ಮುಚ್ಕೊಂಡ್ ಕೂತ್ಕೊ. ನಾಯಿ ಕಣ್ಣು, ನರಿ ಕಣ್ಣು, ಹೋಗೋರ್ ಕಣ್ಣು, ಬರೋರ್ ಕಣ್ಣು, ಬಾಡಿಗೆಯೋರ್ ಕಣ್ಣು, ಬ್ರೋಕರ್ ಕಣ್ಣು..." ಮುಷ್ಟಿ ನನ್ನ ತಲೆಯ ಸುತ್ತ ತಿರುಗಿತು. ನನಗೆ ಬಾಯಿ ಮುಚ್ಚಿಕೊಂಡು ಕೂರಲಾಗಲಿಲ್ಲ. ದವಡೆ ಬಿಚ್ಚಿಕೊಂಡಿತು. ನನ್ನ ಜೀವಮಾನದ ಅತಿ ದೊಡ್ಡ ಆಕಳಿಕೆ ಬಂತು.

ದೃಷ್ಟಿ ತೆಗೆಯುವುದು ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ನಮ್ಮ ಕಡೆ ದೃಷ್ಟಿ ತೆಗೆಯುವಾಗ ಆಕಳಿಕೆ ಬಂದರೆ, ಬಿದ್ದ ಕಣ್ಣು ಬಿಟ್ಟುಹೋಗುತ್ತಿದೆ ಎಂದು. ಎಷ್ಟು ದೊಡ್ಡ ಆಕಳಿಕೆಯೋ ಅಷ್ಟು ಕೆಟ್ಟ ಕಣ್ಣು.

"ಬತ್ತಾ ಐತೆ!" ಅಜ್ಜಿಯ ಮುಖ ಊರಿಗೆ ಮಳೆ ಬಂದ ಹಾಗೆ ಅರಳಿತು. "ನೋಡ್ದೇನೇ ಸೊಸೆ, ಬತ್ತಾ ಐತೆ! ಇನ್ನೊಂದ್ ಬರ್ಲಿ ಮಗಾ, ಬಿಡು, ಬಿಡು!"

ಇನ್ನೊಂದು ಬಂತು. ಆಕಳಿಕೆ ಅಂಟುಜಾಡ್ಯ. ಅಜ್ಜಿಗೂ ಬಂತು. "ನಂಗೂ ಬತ್ತಾ ಐತೆ, ಭಾರೀ ಕಣ್ಣೇ ಬಿದ್ದೈತೆ!" ಎಂದು ಅವಳು ಬೊಚ್ಚು ಬಾಯಿ ತೆರೆದಳು. ಅದನ್ನು ನೋಡಿ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆಕಳಿಸಿದಳು. ಪೇಪರಿನ ಹಿಂದೆ ಅಪ್ಪ ಅಡಗಿಸಿಕೊಳ್ಳಲು ನೋಡಿದರು, ಪೇಪರೇ ಅಲ್ಲಾಡಿತು. ಮೊದಲು ನಕ್ಕವಳು ಅಮ್ಮ. ಆಮೇಲೆ ನಾನು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವ ತನಕ, ಅಷ್ಟು ವಾರಗಳಲ್ಲಿ ಮೊದಲ ಸಲ ನಕ್ಕೆ. ಅಜ್ಜಿ ಮಾತ್ರ ನಗಲಿಲ್ಲ. ಕೆಲಸದಲ್ಲಿದ್ದಳು. ಮುಷ್ಟಿಯಲ್ಲಿದ್ದದ್ದನ್ನು ಕೆಂಡಕ್ಕೆ ಹಾಕಿ ಚಟಚಟ ಎನಿಸಿ, "ನಾಳಿಕೂ ತೆಗೀಬೇಕು. ಆಕಳಿಕೆ ನಿಲ್ಲೋಗಂಟ ಬಿಡಂಗಿಲ್ಲ" ಎಂದಳು.

ಮರುದಿನ ಮಾತ್ರೆ ತೆಗೆದುಕೊಂಡೆ. ಏಕೆಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಸಂಜೆಯ ಆಟ ತಪ್ಪಿಹೋಗುತ್ತದಲ್ಲ ಎಂದು.

ಹೀಗೆ ದಿನಾ ಸಂಜೆ ನಡೆಯಿತು. ಡಾಕ್ಟರಿಗೆ ಫೋನ್ ಮಾಡಿ ಆಕಳಿಕೆಯ ಬಗ್ಗೆ ಕೇಳಿದೆ. "ಕೆಲವರಿಗೆ ಬರುತ್ತಮ್ಮ, ಮಾತ್ರೆದೇ ಅದು. ಕ್ರಮೇಣ ಕಮ್ಮಿಯಾಗುತ್ತೆ" ಎಂದರು. ದೃಷ್ಟಿಯ ವಿಷಯವನ್ನೂ ಹೇಳಿದೆ. ಅವರು ಜೋರಾಗಿ ನಕ್ಕರು. "ಉಪ್ಪು ಮೆಣಸಿನಕಾಯಿಗೂ ನನ್ನ ಮಾತ್ರೆಗೂ ಏನೂ ಜಗಳ ಇಲ್ಲ. ಹೊಗೆ ಮಾತ್ರ ಕಮ್ಮಿ ಮಾಡ್ಸು." ಆಮೇಲೆ ಮಾತ್ರೆಯ ಪ್ರಮಾಣ ಒಂಚೂರು ಏರಿಸಿದರು. ಆಕಳಿಕೆಯೂ ಏರಿತು. ಅಜ್ಜಿಯ ದೃಷ್ಟಿಯಲ್ಲಿ ಪ್ರಕರಣ ಗಂಭೀರವಾಯಿತು. ಇಷ್ಟು ತೆಗೆದರೂ ಹೋಗುತ್ತಿಲ್ಲವೆಂದರೆ ಇದು ಹಾದಿಹೋಕರ ಕಣ್ಣಲ್ಲ, ಹತ್ತಿರದವರದ್ದೇ. ಅವಳು ತನಿಖೆ ಶುರುಮಾಡಿ ಆರೋಪಿಯನ್ನು ಹಿಡಿದೇಬಿಟ್ಟಳು: ಸ್ವಂತ ಮಗಳು, ಕುರುಬರಹಳ್ಳಿಯ ಸುಶೀಲತ್ತೆ.

ಸಾಕ್ಷ್ಯ? ಬೇಸಿಗೆಯಲ್ಲಿ ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ ಅತ್ತೆ ಎಲ್ಲರೆದುರು, "ನಮ್ ರಂಜಿ ಬಾಯ್ ಬಿಟ್ರೆ ಲಾಯರ್ಗಳೂ ಕೈ ಕಟ್ಕೊಂಡ್ ನಿಲ್ಬೇಕು" ಎಂದಿದ್ದರು. ಹೊಗಳಿದ ಮೇಲೆ ಕಣ್ಣು ತಾಗದಿರಲೆಂದು 'ಥೂ' ಅನ್ನಲಿಲ್ಲ, ನೆಲ ಮುಟ್ಟಲಿಲ್ಲ. ಅಜ್ಜಿ ಫೋನ್ ಮಾಡಿ ಮಗಳಿಗೆ ಹೇಳಿದ್ದು ಇಷ್ಟೇ: "ಅವತ್ ಉಟ್ಟಿದ್ ಸೀರೆದು ಒಂದ್ ಎಳೆ ದಾರ ಕಿತ್ ಕಳ್ಸು. ಸುಡ್ಬೇಕು."

ಅತ್ತೆ ದಾರ ಕಳಿಸಲಿಲ್ಲ. ಆಟೋ ಹತ್ತಿ ತಾವೇ ಬಂದರು.

"ಏನವ್ವ, ನನ್ ಕಣ್ಣಾ? ಈ ಮಗೂನ ಎತ್ತಿ ಆಡ್ಸಿದ್ ಕಣ್ಣು ಇದು!" ಚಪ್ಪಲಿ ಬಿಡುವ ಮೊದಲೇ ಕೂಗಿದರು.

"ಬೇಕಂತ ಹಾಕ್ದೆ ಅಂದ್ನಾ? ಒಳ್ಳೇರ್ ಕಣ್ಣೇ ಜಾಸ್ತಿ ಬೀಳೋದು."

"ದಾರ ಕೇಳ್ತಾಳೆ ದಾರ! ರೇಷ್ಮೆ ಸೀರೆ ಅದು!"

"ಸೀರೆ ಹೆಚ್ಚೋ ಮೊಮ್ಮಗಳ್ ಹೆಚ್ಚೋ?"

"ಹಂಗಾದ್ರೆ ಇನ್ಮೇಲ್ ಈ ಮನೆ ಹೊಸ್ಲು ತುಳಿಯಲ್ಲ ನಾನು. ತುಳಿದ್ರೆ ಮತ್ತೆ ಕಣ್ ಬೀಳುತ್ತಲ್ಲ!" ಅತ್ತೆಯ ದನಿ ಒಡೆಯಿತು. ಅದು ಬರೀ ಬೆದರಿಕೆಯಾಗಿರಲಿಲ್ಲ.

ಅಲ್ಲಿಯವರೆಗೆ ಎಲ್ಲ ತಮಾಷೆಯಾಗಿತ್ತು. ನಾನು ಅಮ್ಮನ ಕಡೆ ನೋಡಿದೆ. ಬೇಡ ಎಂದು ಅವಳು ಕಣ್ಣಲ್ಲೇ ಹೇಳಿದಳು. ನನ್ನ ಎದೆ ಜಿಗಿಯತೊಡಗಿತು. ಎಲ್ಲರೆದುರು ನಿಜ ಹೇಳಿದರೆ ಅಪ್ಪ ಮರ್ಯಾದೆಗೆ ಹೆದರಿ ಮಾತ್ರೆ ನಿಲ್ಲಿಸು ಎನ್ನಬಹುದು, ಅಜ್ಜಿ ಅತ್ತು ಕರೆದು ಊರು ಸೇರಿಸಬಹುದು. ಆಮೇಲೆ ಕಾಲೇಜು, ಬೋರ್ಡು, ಎಲ್ಲ ಅಲ್ಲಿಗೇ. ಆದರೆ ತಪ್ಪು ಮಾಡದವರಿಗೆ ಶಿಕ್ಷೆಯಾಗುತ್ತಿರುವಾಗ ಸಾಕ್ಷ್ಯವನ್ನು ಜೇಬಿನಲ್ಲಿಟ್ಟುಕೊಂಡು ಕೂರುವುದು ನನಗೆ ಒಗ್ಗದ ವಿದ್ಯೆ.

"ಅಜ್ಜಿ, ಅದು ಅತ್ತೆ ಕಣ್ಣಲ್ಲ. ಮಾತ್ರೆ. ಆಕಳಿಕೆ ಬರೋದು ಮಾತ್ರೆಯಿಂದ. ಅದು ವಿಟಮಿನ್ನೂ ಅಲ್ಲ. ಮನಸ್ಸಿನ ಡಾಕ್ಟ್ರು ಕೊಟ್ಟಿರೋದು. ನಂಗೆ ಭಯದ ಕಾಯಿಲೆ ಇದೆ."

ನನಗೆ, ಹಾಳಾದ್ದು, ಆಗಲೇ ಒಂದು ಆಕಳಿಕೆ ಬಂತು. ತಡೆಯಲಾಗಲಿಲ್ಲ.

ಅಜ್ಜಿ ಅದು ಪೂರ್ತಿ ಮುಗಿಯುವ ತನಕ ಕಾದಳು. "ವಿಟಮಿನ್ ಅಲ್ಲಾಂತ ಗೊತ್ತು ಬಿಡು. ವಿಟಮಿನ್ ತಿಂದು ಯಾರಾದ್ರೂ ಹಿಂಗ್ ವಾಂತಿ ಮಾಡ್ತಾರಾ? ನನ್ನೇನ್ ಎಳೇ ಕೂಸು ಅನ್ಕೊಂಡ್ರಾ?" ಸ್ವಲ್ಪ ಯೋಚಿಸಿದಳು. "ಸರಿ. ಮಾತ್ರೆ ಒಳಗಿಂದ ತಳ್ತಾ ಐತೆ. ನಾನು ಹೊರಗಿಂದ ಎಳೀತಾ ಇವ್ನಿ. ಅದ್ಕೇ ಇಷ್ಟ್ ಜೋರಾಗ್ ಬತ್ತಾ ಐತೆ."

ನಾನು ಬಾಯಿ ತೆರೆದೆ, ಈ ಸಲ ವಾದಕ್ಕೆ. ಮುಚ್ಚಿದೆ. ಎದುರಾಳಿಯ ಪ್ರಬಲ ಸಾಕ್ಷ್ಯವನ್ನೇ ಎತ್ತಿಕೊಂಡು ತನ್ನ ವಾದಕ್ಕೆ ಕಟ್ಟಿಕೊಳ್ಳುವುದನ್ನು ನಾನು ಹುಡುಗರಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಅಷ್ಟು ಸಲೀಸಾಗಿ ಯಾರೂ ಮಾಡಿದ್ದನ್ನು ನೋಡಿರಲಿಲ್ಲ.

ಅಪ್ಪ ಕೆಮ್ಮಿದರು. "ಅಂಥ ಮಾತ್ರೆ ಅಭ್ಯಾಸ ಆಗೋಗುತ್ತಂತಲ್ಲಮ್ಮ..."

"ನೀನ್ ಸುಮ್ಕಿರ್ಲಾ," ಎಂದಳು ಅಜ್ಜಿ. "ಡಾಕ್ಟ್ರು ಓದವ್ರೋ ನೀನ್ ಓದಿದ್ಯೋ?" ಆಮೇಲೆ ಮಗಳ ಕಡೆ ತಿರುಗಿ, "ಬಾ ಸುಶೀ, ಕೂತ್ಕೊ. ದಾರ ಬ್ಯಾಡ. ಕಾಫಿ ಕುಡಿ" ಎಂದಳು. ಕ್ಷಮೆ ಕೇಳಿದ್ದು ಅಷ್ಟೇ. ಅತ್ತೆ ಮೂಗು ಒರೆಸಿಕೊಂಡು ಕುಳಿತು, ನನ್ನ ಕೈ ಹಿಡಿದು, "ಭಯ ಅಂದ್ರೆ ಹೆಂಗಾಗುತ್ತೆ ಕಣೇ?" ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಅಪ್ಪ ಪೇಪರು ಮಡಿಸಿಟ್ಟು ಕೇಳುತ್ತಿದ್ದರು.

ಮರುದಿನದಿಂದ ಅಜ್ಜಿಯೇ ನನ್ನ ಮಾತ್ರೆಯ ಕಾವಲುಗಾರ್ತಿ. ತಿಂಡಿಯ ತಟ್ಟೆ ಎತ್ತುವ ಮೊದಲೇ ಕೇಳುತ್ತಿದ್ದಳು: "ನುಂಗ್ದ್ಯಾ? ನುಂಗ್ದೇ ಇದ್ರೆ ಸಂಜೀಕೆ ಬರಾಕಿಲ್ಲ. ನಾನೊಬ್ಳೇ ಎಷ್ಟ್ ಅಂತ ಎಳೀಲಿ?"

ಸರಿಹೋಗುವುದು ಯಾವತ್ತು ಶುರುವಾಯಿತೋ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ಅಮ್ಮ ಅಡುಗೆಮನೆಯಲ್ಲಿದ್ದಳು, ಬಾಗಿಲ ಹತ್ತಿರ ಇರಲೇ ಇಲ್ಲ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಇಡ್ಲಿ ರುಚಿಸಿತು. ಮಲ್ಲತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಪಕ್ಕದ ಆಟೋದವನ ಜೊತೆ ತಪ್ಪು ಯಾರದು ಎಂದು ಮನಸಾರೆ ವಾದಿಸಿದೆ, ಆಮೇಲೆ ಹೆಲ್ಮೆಟ್ಟಿನೊಳಗೆ ಹಾಡಿಕೊಂಡು ಮನೆಗೆ ಬಂದೆ.

ಕಾಲೇಜು ತೆರೆದ ದಿನ ಶಿವಲೀಲಾ ತರಗತಿಯ ಬಾಗಿಲ ತನಕ ಬಂದಳು. "ನಾ ಇಲ್ಲೇ ವರಾಂಡದಾಗ ಅಡ್ಡಾಡ್ತಿರ್ತೀನ್ರೀ. ಏನಾರ ಆದ್ರ ಚಾಕ್‌ಪೀಸ್ ಒಗೀರಿ, ಬರ್ತೀನಿ." ಬೋರ್ಡಿನ ಮುಂದೆ ನಿಂತೆ. ಎದೆ ಜಿಗಿಯಿತು. ಜಿಗಿ, ಎಂದೆ. ಕೌನ್ಸೆಲಿಂಗಿನಲ್ಲಿ ಕಲಿತದ್ದು ಇಷ್ಟೇ: ಅದರ ಜೊತೆ ವಾದಿಸಬೇಡ. ಮಾತು ಬಂದಾಗಿನಿಂದ ಎಲ್ಲದರ ಜೊತೆ ವಾದಿಸಿದವಳಿಗೆ ಅದಕ್ಕಿಂತ ಕಷ್ಟದ ಮನೆಗೆಲಸ ಯಾರೂ ಕೊಟ್ಟಿರಲಿಲ್ಲ. ನಿಂತ ಪಾಠ ಎತ್ತಿಕೊಂಡೆ. ಅರ್ಧ ದಾರಿಯಲ್ಲಿ ಆಕಳಿಕೆ ಬಂತು, ಒಂದರ ಹಿಂದೆ ಒಂದು.

ಮುಂದಿನ ಬೆಂಚಿನಿಂದ ಒಂದು ದನಿ: "ಮ್ಯಾಮ್, ನಿಮ್ ಪಾಠ ನಿಮ್ಗೇ ಬೋರಾ?"

ತರಗತಿ ಗೊಳ್ಳೆಂದಿತು. "ಮಾತ್ರೆ ತಗೋತಿದೀನಿ ಕಣ್ರೋ. ಎದೆ ಹೊಡ್ಕೊಳ್ಳೋ ಭಯಕ್ಕೆ. ಅದ್ರಿಂದ ಆಕಳಿಕೆ ಬರುತ್ತೆ. ನಿಮ್ಗೆ ಯಾವ ಮಾತ್ರೆನೂ ಇಲ್ದೆ ಬರುತ್ತಲ್ಲ, ಅದಕ್ಕೇನ್ ಕಾರಣ ಹೇಳಿ." ಇನ್ನೂ ಜೋರು ನಗು. ಆ ನಗುವಿನಲ್ಲೇ ಅರ್ಧ ತರಗತಿ ಆಕಳಿಸಿತು. ಗಂಟೆ ಹೊಡೆಯುವ ತನಕ ಪಾಠ ಮಾಡಿದೆ, ಸೀಮೆಸುಣ್ಣ ಒಣಗಿಯೇ ಇತ್ತು. ಹುಡುಗರು ಹೋದ ಮೇಲೆ ಒಬ್ಬ ಹುಡುಗಿ ಉಳಿದಳು. "ಮ್ಯಾಮ್, ಆ ಡಾಕ್ಟ್ರು ಎಲ್ಲಿರೋದು?" ಎಂದು ಮೆಲ್ಲಗೆ ಕೇಳಿದಳು. ಹೇಳಿದೆ. ಪಕ್ಕದಲ್ಲಿ ಹಲ್ಲಿನ ಡಾಕ್ಟರೂ ಇದ್ದಾರೆ, ಕೆನ್ನೆ ಹಿಡಿದುಕೊಳ್ಳಬೇಕಾಗಿಲ್ಲ ಎಂದೂ ಹೇಳಿದೆ.

ಈಗ ಆಕಳಿಕೆ ನಿಂತಿದೆ. ಎದೆ ಆಗೀಗ ಒಂದು ಹೆಜ್ಜೆ ತಪ್ಪುತ್ತದೆ, ನಾನು ನನ್ನ ಪಾಡಿಗೆ ಕೆಲಸ ಮಾಡುತ್ತೇನೆ. ಮಾತ್ರೆ ಇನ್ನೂ ಇದೆ, ಡಾಕ್ಟರು ನಿಲ್ಲಿಸೋಣ ಎನ್ನುವ ತನಕ ಇರುತ್ತದೆ. ಇದನ್ನು ಅಜ್ಜಿಗೆ ಒಪ್ಪಿಸಲು ಇನ್ನೊಂದು ಸುತ್ತು ವಾದವಾಯಿತು. ಆಕಳಿಕೆ ನಿಂತಮೇಲೆ ಮಾತ್ರೆ ಯಾಕೆ ಎಂಬುದು ಅವಳ ಪಕ್ಷ. ಒಳಗೆ ಒಂಚೂರು ಉಳಿದಿರಬಹುದು ಎಂದೆ. ಅದು ತಟ್ಟನೆ ಒಪ್ಪಿಗೆಯಾಯಿತು. ನನ್ನ ಚರ್ಚಾಗುರುಗಳು ಇದನ್ನು ಓದದಿರಲಿ.

ಹೋದ ವಾರ ಒಂದು ಸಂಜೆ ಅಜ್ಜಿ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನಂಗೂ ಹಿಂಗೇ ಹೊಡ್ಕೊಳ್ಳೋದು. ನಿಮ್ಮಪ್ಪ ಎದೆಹಾಲು ಕುಡೀತಿದ್ದ ಕಾಲ. ಹೊಲದಲ್ಲಿ ಕಳೆ ಕೀಳ್ತಾ ಕೀಳ್ತಾ ಅಲ್ಲೇ ಕೂತ್ಬಿಡ್ತಿದ್ದೆ. ಸತ್ತೇ ಹೋದೆ ಅನ್ಸೋದು. ಆಮೇಕ್ ಎದ್ದು ಕೀಳೋದು."

ನಾನು ಎದ್ದು ಅಡುಗೆಮನೆಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದೆ. ಅಮ್ಮ ಸೌಟು ಹಿಡಿದುಕೊಂಡೇ ಇಣುಕಿದಳು. ಅಜ್ಜಿಯನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದೆ.

"ಏನೇ ಇದು, ಪುರಾವೆ ಇಲ್ಲ ಅಂತಿದ್ದೆ?"

"ಇವತ್ತೂ ಇಲ್ಲ. ಕೂತ್ಕೊ."

"ಆ ಕಡೆಯಿಂದಲ್ಲ ಕಣೇ, ಬಲಗಡೆಯಿಂದ ತಿರುಗ್ಸು. ತನಗ್ ತಾನೇ ತೆಕ್ಕೊಳ್ಳಾಕಾಗಲ್ಲ ನೋಡು ಇದು, ಇನ್ನೊಬ್ರೇ ತೆಗೀಬೇಕು. ಸರ್ಯಾಗ್ ಕಲ್ತ್ಕೊ."

ಬಲಗಡೆಯಿಂದ ತಿರುಗಿಸಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಅಜ್ಜಿ, ಆಗ ಹೊಲದಲ್ಲಿ ಕೂತಿದ್ದಾಗ, ನಿಂಗ್ ಯಾರು ತೆಗೆದ್ರು?"